ಹನ್ನೊಂದು ಕೆಂಪು ಗುರುತು

"ಅಜ್ಜಾರ, ಹುಡುಗಿ ಪುಸ್ತಕ ತಲಿಕೆಳಗ ಹಿಡದಾಳ್ರಿ."

ಹೀಗೆಂದವನು ಸೋಮೇಶ ಮಾಸ್ತರ. ಶಾಲೆಗೆ ಬಾರದ ಮಕ್ಕಳನ್ನು ಹುಡುಕಿ ಹೆಸರು ಬರೆದುಕೊಳ್ಳಲು ಮೂರು ದಿನದಿಂದ ಬೆಟಗೇರಿಯ ಓಣಿಗಳನ್ನು ಸುತ್ತುತ್ತಿದ್ದ. ಕೊರಳಲ್ಲಿ ಗುರುತಿನ ಚೀಟಿ, ತೊಡೆಯ ಮೇಲೆ ರಟ್ಟಿನ ಪ್ಯಾಡು, ಪ್ಯಾಡಿಗೆ ಕಚ್ಚಿಸಿದ ಸರ್ಕಾರಿ ನಮೂನೆ. ಮೇ ತಿಂಗಳ ಕೊನೆಯ ಬಿಸಿಲು. ಕೊಟ್ಟ ತಂಬಿಗೆ ನೀರನ್ನು ಒಂದೇ ಉಸಿರಿಗೆ ಇಳಿಸಿ, ಕಟ್ಟೆಯ ಮೇಲೆ ಕೂತು, ಎದುರಿನ ಕಂಬಕ್ಕೆ ಒರಗಿ ಓದುತ್ತಿದ್ದ ಎಂಟು ವರ್ಷದ ಶಿವರಂಜನಿಯನ್ನು ನೋಡುತ್ತಿದ್ದ.

ಕೊಟ್ರಪ್ಪಜ್ಜ ನಕ್ಕ. ಯಾರಾದರೂ ಈ ಮಾತು ಆಡಲಿ ಎಂದೇ ಕಾಯುತ್ತಿದ್ದವನ ನಗು ಅದು.

"ಆಕಿ ಹಿಡದಿಲ್ರಿ ಮಾಸ್ತರ, ನಾನ ಹಿಡಿಸೇನಿ. ನಲವತ್ತೊಂದು ವರ್ಷ ಪ್ರೆಸ್ಸಿನ್ಯಾಗ ಅಚ್ಚುಮೊಳಿ ಜೋಡಿಸಿದಾಂವ ನಾ. ಜೋಡಸುವಾಗ ಅಕ್ಷರ ನಮ್ಮ ಕಣ್ಣಿಗೆ ತಲಿಕೆಳಗ ನಿಂದರ್ತಾವು. ನೆಟ್ಟಗಿದ್ದದ್ದನ್ನ ಯಾರರೆ ಓದ್ತಾರ ಬಿಡ್ರಿ. ನನ್ನ ಮೊಮ್ಮಗಳು ಹ್ಯಾಂಗ ಹಿಡದ್ರೂ ಓದ್ತಾಳ. ಓದವಾ ರಂಜಿ, ಮಾಸ್ತರ ಕೇಳ್ಲಿ."

ರಂಜಿ ಓದಿದಳು. ಮೊಲದ ಮದುವೆಯ ಕಥೆ. ಒಂದು ಕಾಲಕ್ಕೆ ಕೊಟ್ರಪ್ಪನೇ ಮೊಳೆ ಜೋಡಿಸಿ, ಅವನ ಪ್ರೆಸ್ಸಿನಲ್ಲೇ ಅಚ್ಚಾಗಿದ್ದ ಹಳೆಯ ಪುಸ್ತಕ. ತಡೆಯಿಲ್ಲ, ತೊದಲಿಲ್ಲ; ಮೊಲದ ಬೀಗರು ಸಿಟ್ಟಾಗುವಲ್ಲಿ ದನಿ ಏರಿಸಿದಳು, ಹೆಣ್ಣಿನ ತಾಯಿ ಅಳುವಲ್ಲಿ ದನಿ ಇಳಿಸಿದಳು, ಪುಟ ಮುಗಿದಾಗ ಪುಟ ತಿರುವಿದಳು. ಎರಡು ಹಾಳೆ ಒಮ್ಮೆಲೇ ತಿರುವಿಹೋದವು. ಕಥೆ ಮಾತ್ರ ಎಲ್ಲೂ ಹರಿಯಲಿಲ್ಲ.

ಸೋಮೇಶ ಕೊರಳು ಚಾಚಿ ಆ ಹಾಳೆಗಳನ್ನು ನೋಡಿದ.

"ಇಷ್ಟಕ್ಕ ಮುಗೀಲಿಲ್ಲ, ಕುಂಡ್ರಿ," ಎಂದು ಅಜ್ಜ ಒಳಗಿಂದ ಅಚ್ಚುಮೊಳೆಯ ಪೆಟ್ಟಿಗೆ ತಂದಿಟ್ಟ. ಆರು ವರ್ಷದ ಹಿಂದೆ ಪ್ರೆಸ್ಸು ಮುಚ್ಚಿದಾಗ ಮಾಲಕ ಶಿವಯೋಗಿ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದ್ದ. ಕೊಟ್ರಪ್ಪ ಬೇಡಿ ತಂದದ್ದು ಇದೊಂದೇ: ಖಾನೆ ಖಾನೆಯಾಗಿ ಹಂಚಿದ ಸೀಸದ ಅಕ್ಷರಗಳು. ರಂಜಿ ಎಡಗೈಯಲ್ಲಿ ಜೋಡಿಸುವ ಪಟ್ಟಿ ಹಿಡಿದಳು. ಬಲಗೈ ಖಾನೆಗಳ ಮೇಲೆ ಕೋಳಿ ಕಾಳು ಹೆಕ್ಕಿದ ಹಾಗೆ ಓಡಾಡಿತು. ಕಣ್ಣು ಎಲ್ಲೋ ಮಾಡಿನ ಕಡೆಗೆ. ಒಂದೊಂದೇ ಮೊಳೆ ಎತ್ತಿ, ಬೆರಳ ತುದಿಯಿಂದ ಅದರ ಮುಖ ಸವರಿ, ಸಾಲಿಗೆ ಹಚ್ಚಿದಳು. ಅಜ್ಜ ಅದಕ್ಕೆ ಮಸಿ ಬಳಿದು ಕಾಗದ ಒತ್ತಿ ತೆಗೆದ. ಕಾಗದದ ಮೇಲೆ 'ಸೋಮೇಶ ಮಾಸ್ತರ' ಎಂದು ಮೂಡಿತ್ತು.

"ನೋಡ್ರಿ! ಪೆಟ್ಟಿಗಿ ನೋಡದನ! ನನಗ ಇದು ಬರಾಕ ಹನ್ನೆರಡು ವರ್ಷ ಹಿಡೀತು. ರಕ್ತದಾಗ ಬಂದೈತ್ರಿ ಆಕಿಗೆ, ರಕ್ತದಾಗ. ಹೋಗವ್ವಾ, ಕೈ ತೊಳಕೊಂಬಾ, ಸೀಸದ ಕೈ ಬಾಯಿಗೆ ಹೋಗಬಾರದು."

ಹುಡುಗಿ ಎದ್ದು ನಳದ ಕಡೆ ಹೋದಳು. ಗೋಡೆಗೆ ಅಂಗೈ ಹಚ್ಚಿಕೊಂಡೇ ಹೋದಳು.

"ಅಜ್ಜಾರ," ಎಂದ ಸೋಮೇಶ, ಮೆಲ್ಲಗೆ. "ಆಕಿ ಕಣ್ಣು ಯಾರಿಗರೆ ತೋರಿಸೀರೇನು?"

"ಕಣ್ಣಿಗೇನಾಗೇತಿ? ಬಟ್ಟಲಗಣ್ಣು!"

"ಚಂದ ಅದಾವ ಬಿಡ್ರಿ. ಕಾಣಸ್ತಾವೇನು ಅಂತ ಕೇಳಿದೆ." ರಂಜಿ ಕೈ ಒರೆಸಿಕೊಳ್ಳುತ್ತ ಬಂದಾಗ ಅವನು ಕೊರಳಿನ ಚೀಟಿ ತೆಗೆದು ಅವಳ ಕೈಗಿಟ್ಟ. "ತಂಗಿ, ಇದರ ಮ್ಯಾಲ ಏನ್ ಬರದೈತಿ ಓದು ನೋಡೂಣು."

ರಂಜಿ ಚೀಟಿಯ ಮೇಲೆ ಬೆರಳಾಡಿಸಿದಳು. ತಿರುವಿದಳು, ಮತ್ತೆ ಆಡಿಸಿದಳು. "ಇದು ನುಣ್ಣಗೈತ್ರಿ, ಸರ್," ಎಂದಳು.

ಅಜ್ಜ ನಡುವೆ ಬಾಯಿ ಹಾಕಿದ. "ಈಗಿನ ಕಂಪ್ಯೂಟರ್ ಅಕ್ಷರಕ್ಕ ಮಾರಿ ಎಲ್ಲೈತ್ರಿ ಮಾಸ್ತರ. ಕೊಡ್ರಿ ಇಲ್ಲೆ ನಿಮ್ಮ ನಮೂನಿ," ಎಂದು ಪ್ಯಾಡು ಕಸಿದುಕೊಂಡು, ಅಂಗಿಯ ಕಿಸೆಯಿಂದ ಕೆಂಪು ಪೆನ್ನು ತೆಗೆದು, ಅಚ್ಚಾಗಿ ಬಂದಿದ್ದ ಸರ್ಕಾರಿ ಕಾಗದದಲ್ಲೇ ಎರಡು ತಪ್ಪು ಗುರುತು ಹಾಕಿಕೊಟ್ಟ. "ನಿಮ್ಮ ಸಾಹೇಬರಿಗೆ ತೋರಸ್ರಿ. ನನ್ನ ಮೊಮ್ಮಗಳು ಮನ್ಯಾಗ ಕಲೀತಾಳ ಅಂತ ಬರಕೋರ್ರಿ."

"ಮನ್ಯಾಗ ಕಲಿಯೂದಕ್ಕ ಇದರಾಗ ಕಾಲಂ ಇಲ್ರಿ ಅಜ್ಜಾರ," ಎಂದು ಸೋಮೇಶ ಎದ್ದ. ಮೆಟ್ಟಿಲಿಳಿದವನು ತಿರುಗಿ ನಿಂತ. "ಬೈಕೊಳ್ರಿ ಬೇಕಾದ್ರ. ಕಣ್ಣ ತೋರಸ್ರಿ."

ಅವನು ಹೋದ ಮೇಲೆ ಕೊಟ್ರಪ್ಪ ಒಂದಿಷ್ಟು ಬೈದ. ಬೈಗುಳ ಮುಗಿಯಿತು, ಆದರೆ ಆ ಎರಡು ಹಾಳೆ ಕಣ್ಣ ಮುಂದಿಂದ ಹೋಗಲಿಲ್ಲ. ಅವು ಅವನಿಗೂ ಕಂಡಿದ್ದವು. ಒಳಗೆ ಹೋಗಿ ದೇವರ ಮಾಡದಲ್ಲಿ ಸಿಕ್ಕಿಸಿದ್ದ ಈ ಬೇಸಿಗೆಯ ಒಂದು ಲಗ್ನಪತ್ರಿಕೆ ತಂದ. ಲಕ್ಷ್ಮೇಶ್ವರದ ಬೀಗರದು. ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ್ದು, ಅಕ್ಷರ ದೊಡ್ಡ ದೊಡ್ಡವು.

"ರಂಜಿ, ಇದನ್ನೊಂದೀಟು ಓದು."

ಅವಳು ಹಿಡಿದಳು. ಮುಂದೆ ಸವರಿದಳು, ಹಿಂದೆ ಸವರಿದಳು. ಮೊಳೆಯಲ್ಲಿ ಒತ್ತಿದ ಹಾಳೆಯಾದರೆ ಹಿಂದೆ ಅಕ್ಷರ ಉಬ್ಬಿ ಬೆರಳಿಗೆ ಸಿಗುತ್ತಿತ್ತು. ಮುಖ ಸಣ್ಣದಾಯಿತು.

"ಅಜ್ಜಾ, ಇದರಾಗ ಅಕ್ಷರ ಎದ್ದಿಲ್ಲ."

"ಕಣ್ಣೀಲೆ ಓದವಾ."

"ಕಣ್ಣೀಲೆ ಬರೂದಿಲ್ಲ. ಎಲ್ಲಾ ಕಲಸಿದಂಗ ಅಕ್ಕಾವು." ಪತ್ರಿಕೆಯನ್ನು ಮೂಗಿಗೆ ತಾಗಿಸಿ, ತಲೆ ಓರೆ ಮಾಡಿ, ಒಂದು ದೊಡ್ಡ ಅಕ್ಷರ ಹಿಡಿದಳು, ಮತ್ತೊಂದು ಹಿಡಿದಳು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು. ಅದನ್ನು ಭುಜಕ್ಕೆ ಒರೆಸಿಕೊಂಡು ನಕ್ಕಳು. "ಮೊಲದ್ದು ಓದ್ಲೇನು? ಅದು ನನಗ ಪೂರಾ ಬರತೈತಿ."

ಕೊಟ್ರಪ್ಪನಿಗೆ ಕಟ್ಟೆಯೇ ಜಾರಿದಂತಾಯಿತು. ಹಾಗಾದರೆ ಓದಿದ್ದೆಲ್ಲ ಬಾಯಿಪಾಠ. ರಾತ್ರಿ ಮಲಗುವಾಗ ತಾನೇ ಓದಿ ಹೇಳಿದ್ದು, ಒಂದಕ್ಷರ ಬಿಡದೆ ಅವಳೊಳಗೆ ಉಳಿದಿದೆ. ಹೇಗೆ ಹಿಡಿದರೂ ಓದುತ್ತಾಳೆ, ಖರೆ. ಹೇಗೆ ಹಿಡಿದರೂ ಅವಳಿಗೆ ಒಂದೇ.

"ನನಗ ಯಾಕ ಹೇಳಲಿಲ್ಲವಾ ನೀ?"

"ಶಾಲ್ಯಾಗ ಶೈಲಾ ಅಕ್ಕಾರಿಗೆ ಹೇಳಿದ್ನೆಲ್ಲ. ಬೋರ್ಡು ಕಾಣಸೂದಿಲ್ಲ ಅಂದಿದ್ದೆ. ಅದಕ್ಕ ಅಕ್ಕಾರು ಚೀಟಿ ಬರದು ಕೊಟ್ಟಿದ್ರು." ಹುಡುಗಿ ಅದನ್ನು ಊಟದ ಸುದ್ದಿ ಹೇಳಿದಷ್ಟು ಸಾದಾ ಹೇಳಿದಳು. "ನೀ ಅದಕ್ಕ ಕೆಂಪು ಹಾಕಿ ತಿರುಗಿ ಕಳಿಸಿದಿ."

ಇಲ್ಲಿ ಪ್ರೆಸ್ಸಿನ ಒಂದು ಸಂಗತಿ ಹೇಳಬೇಕು. ಕೊಟ್ರಪ್ಪ ಹದಿನಾಲ್ಕನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಹಿರಿಯ ಜೋಡಣೆಗಾರ ಅವನಿಗೆ ಕಲಿಸಿದ ಮೊದಲ ಪಾಠ ಅಕ್ಷರದ್ದಲ್ಲ. "ಮೊಳಿ ಜೋಡಿಸಾಂವ ಓದಬಾರದಲೇ ತಮ್ಮಾ. ಓದಾಕ ನಿಂತಿ ಅಂದ್ರ ಮನಸ್ಸು ಕಥಿ ಹಿಂದ ಹೊಕ್ಕೈತಿ, ಕೈ ತಪ್ಪತೈತಿ. ಅಕ್ಷರ ಅಷ್ಟ ನೋಡು. ಏನ್ ಹೇಳ್ಯಾರ ಅನ್ನೂದು ನಿನಗ್ಯಾಕ?" ಕೊಟ್ರಪ್ಪ ಆ ಮಾತನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಒಂದು ಸಲ ಮುಂಡರಗಿಯಿಂದ ಬಂದ, ಸತ್ತವರ ಶಿವಗಣಾರಾಧನೆಯ ಕಾರ್ಡನ್ನು ಜೋಡಿಸಿ, ಎರಡು ತಪ್ಪು ತಿದ್ದಿ, ಅಚ್ಚಿಗೆ ಕಳಿಸಿ, ಸಂಜೆ ಮನೆಗೆ ಬಂದಾಗ ಅವ್ವ ಅಳುತ್ತಿದ್ದಳು. ಕಾರ್ಡು ಅವನ ಸೋದರಮಾವನದೇ ಆಗಿತ್ತು. ಪ್ರೆಸ್ಸಿನವರು ವರ್ಷಗಟ್ಟಲೆ ಅದನ್ನು ಹೇಳಿ ಹೇಳಿ ನಕ್ಕರು. ಕೊಟ್ರಪ್ಪನೂ ನಕ್ಕಿದ್ದ. ಕಸುಬಿನ ಹೆಮ್ಮೆ ಅದು.

ಅಕ್ಕಾರ ಚೀಟಿ ಬಂದದ್ದು ರಂಜಿ ಒಂದನೆಯ ತರಗತಿಯಲ್ಲಿದ್ದಾಗ. ಅದಕ್ಕೂ ಮೊದಲೇ ಅವನಿಗೆ ಆ ಅಕ್ಕಾರ ಮೇಲೆ ಸಿಟ್ಟಿತ್ತು: ಹಿಂದಿನ ಸಾಲಿನಿಂದ ಎಬ್ಬಿಸಿ ಮೊಮ್ಮಗಳನ್ನು ಎಲ್ಲರ ಮುಂದೆ ಕೂಡಿಸಿದ್ದಾರೆ, ದಡ್ಡರನ್ನಲ್ಲವೇ ಹಾಗೆ ಕೂಡಿಸುವುದು? ಆ ಹೊತ್ತಿಗೇ ಚೀಟಿ ಬಂತು. ಅವನು ಕಟ್ಟೆಯ ಮೇಲೆ ಕೂತು ಕನ್ನಡಕ ಏರಿಸಿದ. ಹದಿನಾಲ್ಕು ಸಾಲು, ಹನ್ನೊಂದು ತಪ್ಪು. ಒಂದೊಂದಕ್ಕೂ ಪ್ರೂಫಿನ ಗುರುತು ಹಾಕಿ, ಬದಿಗೆ ಸರಿಯಾದದ್ದು ಬರೆದು, ಕೆಳಗೆ 'ತಿದ್ದಿ ಮತ್ತೆ ಕಳಿಸುವುದು' ಎಂದು ಸಹಿ ಮಾಡಿ, ರಂಜಿಯ ಪಾಟಿಚೀಲದಲ್ಲೇ ಹಾಕಿ ಕಳಿಸಿದ. "ಇಂಥಾವರ ಕೈಯಾಗ ನನ್ನ ಮೊಮ್ಮಗಳು ಕಲೀಬೇಕೇನು? ನಾ ಕಲಸ್ತೀನಿ ಮನ್ಯಾಗ," ಎಂದು ಮರುದಿನದಿಂದಲೇ ಶಾಲೆ ಬಿಡಿಸಿದ. ಮಗ ವೀರೇಶ ಬಸ್ಸಿನ ಕಂಡಕ್ಟರ್; ಇವತ್ತು ಹಮ್ಮಿಗಿ, ನಾಳೆ ಶಿರಹಟ್ಟಿ. ಸೊಸೆ ನೀಲಾ ಮುಂಜಾನೆ ಒಂಬತ್ತಕ್ಕೆ ಹೊಲಿಗೆಯ ಕಾರ್ಖಾನೆಗೆ ಹೋದರೆ ಬರುವುದು ಸಂಜೆ ಆರಕ್ಕೆ. ಹಗಲೆಲ್ಲ ಮನೆಯಲ್ಲಿರುವವನು ಮುದುಕ, ಅಕ್ಷರ ಬಲ್ಲವನು. ಅವನ ಮಾತೇ ನಡೆಯಿತು.

ಈಗ ಆ ಚೀಟಿಯನ್ನು ನೆನಪಿಸಿಕೊಳ್ಳಲು ನೋಡಿದ. ಎಲ್ಲ ನೆನಪಿತ್ತು. ಮೂರನೆಯ ಸಾಲಿನ ತಪ್ಪು, ಐದನೆಯದರಲ್ಲಿ ಎರಡು, ಒಂಬತ್ತನೆಯದರಲ್ಲಿ ಕೈಬಿಟ್ಟ ಒತ್ತು. ಹನ್ನೊಂದನ್ನೂ ಬೆರಳು ಮಡಚಿ ಎಣಿಸಬಲ್ಲ. ಚೀಟಿಯಲ್ಲಿ ಏನು ಬರೆದಿತ್ತು ಎಂಬುದು ಮಾತ್ರ ಒಂದು ಶಬ್ದವೂ ನೆನಪಿಗೆ ಬರಲಿಲ್ಲ. ಎದುರಿಗೆ ಕೂತ ರಂಜಿಗೆ ಅವನ ಮುಖ ಕಾಣುವಂತಿರಲಿಲ್ಲ, ಆದರೂ ತಲೆ ತಗ್ಗಿಸಿದ.

ನಾಲ್ಕರ ಚಹಾದ ಹೊತ್ತಿಗೆ ಮಕ್ತುಮಸಾಬ ಬಂದ. ಅದೇ ಪ್ರೆಸ್ಸಿನಲ್ಲಿ ಅಚ್ಚಿನ ಯಂತ್ರ ತುಳಿದವನು, ಮೂವತ್ತು ವರ್ಷದ ಗೆಳೆಯ. ದಿನಾ ಈ ಹೊತ್ತಿಗೆ ಬಂದು ಕಾಲು ನೀವಿಕೊಳ್ಳುತ್ತ ಊರಿನ ಖಬರ ಹೇಳುವುದು ಅವನ ಪದ್ಧತಿ.

"ಯಾಕ ಕೊಟ್ರು, ಮಾರಿ ಸಪ್ಪಗ ಮಾಡೀ? ಚಾ ಸೀದೈತೇನು?"

ಕೊಟ್ರಪ್ಪ ಎಲ್ಲ ಹೇಳಿದ. ಹೇಳುವಾಗ ಗೆಳೆಯನ ಮುಖ ನೋಡಲಿಲ್ಲ, ಬಟ್ಟಲನ್ನೇ ನೋಡಿದ. ಮಕ್ತುಮಸಾಬ ಕಾಲು ನೀವುವುದನ್ನು ಬಿಟ್ಟ.

"ಆ ಹನ್ನೊಂದು ತಪ್ಪು ನೀ ಚಾದಂಗಡ್ಯಾಗ ಕುಂತು ಎಲ್ಲಾರಿಗೂ ಓದಿ ಹೇಳಿದ್ದೆಲ್ಲೋ."

"ಹೇಳಿದ್ದೆ."

"ನಾನೂ ನಕ್ಕಿದ್ದೆ."

"ಎಲ್ಲಾರೂ ನಕ್ಕಿದ್ರು."

"ಇಡೀ ಬೆಟಗೇರಿ ನಕ್ಕಿತ್ತಪ. ಒಬ್ಬಾಂವರೆ, ಚೀಟ್ಯಾಗ ಏನೈತೋ ಅಂತ ಕೇಳಲಿಲ್ಲ ನೋಡು." ಮಕ್ತುಮಸಾಬ ಬಟ್ಟಲು ಕೆಳಗಿಟ್ಟ. "ಬಿಂಕದಕಟ್ಟಿಗೆ ಹೋಗಿದ್ವೆಲ್ಲ, ಪ್ರಾಣಿ ನೋಡಾಕ. ಹುಲಿ ಎದುರಿಗೆ ಬಂದು ನಿಂತಿತ್ತು, ಈ ಕೂಸು 'ಹುಲಿ ವಾಸನಿ ಬಂತು, ಎಲ್ಲೈತಿ' ಅಂದ್ಳು. ನೀ ಏನಂದಿ, ನೆನಪೈತೇನು?"

ಕೊಟ್ರಪ್ಪನಿಗೆ ನೆನಪಿತ್ತು. 'ಏ ಮಕ್ತುಮ, ಮೂಗು ನೋಡಲೇ ಇದರದು, ನಾಯಿ ಮೂಗು!' ಎಂದು ಎತ್ತಿ ಮುದ್ದಾಡಿದ್ದ.

"ಇನ್ನ ಹೇಳಬ್ಯಾಡೋ," ಎಂದ.

"ಹೇಳೂದಿಲ್ಲ. ಸೊಸಿಗೆ ನೀನ ಹೇಳು. ನಾಳಿಗೆ ಅನಬ್ಯಾಡ. ಇವತ್ತು ಸಂಜಿಗೆ ಬಂದ ಕೂಡ್ಲೆ ಹೇಳು. ಬೇರೆಯವರ ಬಾಯಿಂದ ಕೇಳಿದ್ರ ಮತ್ತೂ ಕೆಡತೈತಿ."

ನೀಲಾ ಆರಕ್ಕೆ ಬಂದಳು. ಕಾಲು ತೊಳೆದು, ಮೈಮೇಲಿನ ನೂಲಿನ ಚೂರು ಬಿಡಿಸಿಕೊಳ್ಳುತ್ತ ನಿಂತಿದ್ದಾಗಲೇ ಮಾವ ಹೇಳಿದ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಕೂಗಾಡಿದ್ದರೆ ಹಗುರಾಗುತ್ತಿತ್ತು. ಅವಳು ಚೂರು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ದಸರಾಕ್ಕ ಹೇಳಿದ್ದೆ ನಾ ನಿಮಗ, ಮಾವಾರ. ಹುಡುಗಿ ಹೊಸ್ತಿಲಾ ಎಡವ್ತಾಳ, ಯಾಕೋ ನೋಡ್ರಿ ಅಂದಿದ್ದೆ."

"ಹೌದವಾ. ಚಪ್ಪಲಿ ದೊಡ್ಡವಾಗ್ಯಾವು ಅಂದಿದ್ದೆ."

"ನಾನೂ ಸಣ್ಣ ಚಪ್ಪಲಿ ತಂದು ಸುಮ್ನಾದೆ." ಚೂರು ಬಿಡಿಸುತ್ತಿದ್ದ ಕೈ ಈಗ ನಿಂತಿತು. "ಹೆತ್ತಾಕಿ ನಾ. ನೀವು ಓದಿದವರು, ನಿಮಗ ಗೊತ್ತಿರತೈತಿ ಅನ್ಕೊಂಡು ಬಿಟ್ಟೆ."

ಆ ರಾತ್ರಿ ವೀರೇಶನಿಗೆ ಹೇಳಿದ್ದು ಅವಳೇ. ಊಟಕ್ಕೆ ಕೂತಾಗ ಅವನು ರಂಜಿಯ ತಟ್ಟೆಯಲ್ಲಿ ಪಲ್ಯ ಎಲ್ಲಿದೆ, ಚಟ್ನಿ ಎಲ್ಲಿದೆ ಎಂದು ಅವಳ ಬೆರಳು ಹಿಡಿದು ತೋರಿಸಿದ. ಅದು ಬೇಕಾಗಿರಲಿಲ್ಲ, ಅವಳಿಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಕೊಟ್ರಪ್ಪ ಅರ್ಧ ರೊಟ್ಟಿ ಬಿಟ್ಟೆದ್ದ.

ಎರಡು ದಿನಕ್ಕೆ ಗದಗಿನ ಕಣ್ಣಿನ ಡಾಕ್ಟರ ಹತ್ತಿರ ಹೋದರು, ನೀಲಾ, ರಂಜಿ, ಅಜ್ಜ. ಡಾಕ್ಟರು ಹೆಣ್ಣುಮಗಳು, ಸಮಾಧಾನದವರು. ಔಷಧಿ ಬಿಟ್ಟು ಕೂಡಿಸಿ, ದೀಪ ಹಿಡಿದು, ಗಾಜು ಬದಲಿಸಿ ಬದಲಿಸಿ ನೋಡಿದರು. ಎದುರು ಗೋಡೆಯ ಅಕ್ಷರದ ಫಲಕದಲ್ಲಿ ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರವೂ ರಂಜಿಗೆ ಬರಿಗಣ್ಣಿಗೆ ಕಾಣಲಿಲ್ಲ. ಕೊಟ್ರಪ್ಪ ಬಾಗಿಲ ಬಳಿಯಿಂದಲೇ ಕೊನೆಯ ಸಾಲನ್ನೂ ಓದಬಲ್ಲವನಾಗಿದ್ದ. ಅರವತ್ತು ದಾಟಿದ ಆ ಕಣ್ಣುಗಳ ಬಗ್ಗೆ ಅವನಿಗೆ ಮೊದಲ ಸಲ ಅಸಹ್ಯವಾಯಿತು.

"ಬಲಗಣ್ಣಿಗೆ ನಂಬರು ಬಹಳ ಐತ್ರಿ, ಆದ್ರ ಚಸ್ಮಾ ಹಾಕಿದ್ರ ಕಾಣಸ್ತೈತಿ, ಅಂಜಬ್ಯಾಡ್ರಿ," ಎಂದರು ಡಾಕ್ಟರು. "ಎಡಗಣ್ಣು ಮಾತ್ರ ಕೆಲಸ ಮಾಡೂದ ಮರೆತೈತಿ. ಸ್ಪಷ್ಟ ಕಾಣಲಾರದ ಕಣ್ಣನ್ನ ಮಿದುಳು ಕೈಬಿಟ್ಟುಬಿಡತೈತಿ. ದಿನಾ ಒಂದಿಷ್ಟು ತಾಸು ಬಲಗಣ್ಣಿಗೆ ಪಟ್ಟಿ ಹಚ್ಚಿ, ಎಡಗಣ್ಣಿಗೆ ದುಡಿಯಾಕ ಹಚ್ಚಬೇಕು. ಆರು ವರ್ಷಕ್ಕ ಬಂದಿದ್ರ ಚಲೋ ಆಗ್ತಿತ್ತು. ಈಗೂ ಬಿಡೂದು ಬ್ಯಾಡ. ಎಷ್ಟು ತಿರುಗಿ ಬರತೈತೋ ನೋಡೂಣು."

"ಪೂರಾ ಬರೂದಿಲ್ಲೇನ್ರಿ?" ಎಂದಳು ನೀಲಾ.

"ಹೇಳಾಕ ಬರೂದಿಲ್ಲವಾ." ಡಾಕ್ಟರು ಕಾಗದದ ಮೇಲೆ ಬರೆಯುತ್ತಲೇ ಕೇಳಿದರು, "ಶಾಲಿಗೆ ವರ್ಷಕ್ಕೊಮ್ಮೆ ಮಕ್ಕಳ ತಪಾಸಣಿಗೆ ಬರ್ತಾರಲ್ರಿ, ಆವಾಗೂ ಗೊತ್ತಾಗ್ಲಿಲ್ಲೇನು?"

ನೀಲಾ ನೆಲ ನೋಡಿದಳು. ಅವಳು ಮಾವನ ಮರ್ಯಾದೆ ಕಾಯುತ್ತಿದ್ದಾಳೆ ಎಂದು ಕೊಟ್ರಪ್ಪನಿಗೆ ತಿಳಿಯಿತು. ಅದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

"ಶಾಲಿ ಬಿಡಿಸಿದ್ದೆ ನಾನು," ಎಂದ. "ಮನ್ಯಾಗ ಕಲಸ್ತಿದ್ದೆ."

ಡಾಕ್ಟರು ತಲೆ ಎತ್ತಿ ಅವನನ್ನು ಒಮ್ಮೆ ನೋಡಿ, ಮತ್ತೆ ಬರೆಯತೊಡಗಿದರು.

ಜೂನ್ ಮೊದಲ ವಾರ ಶಾಲೆ ಶುರುವಾಯಿತು. ಆ ಮುಂಜಾನೆ ಕೊಟ್ರಪ್ಪ ಸೊಸೆಯ ಮುಂದೆ ನಿಂತು, "ನೀಲಾ, ಇವತ್ತೊಂದಿನ ಸೂಟಿ ಹಾಕವಾ. ಹೆಸರು ಹಚ್ಚಾಕ ನೀ ಹೋದ್ರ ಚಲೋ ಕಾಣಸ್ತೈತಿ," ಎಂದ.

"ಬಿಡಿಸಿದವರು ನೀವು ಮಾವಾರ. ಹಚ್ಚಾಕೂ ನೀವ ಹೋಗ್ರಿ," ಎಂದು ಅವಳು ಮಗಳ ಜಡೆಗೆ ರಿಬ್ಬನ್ ಕಟ್ಟಿ ಕೈ ಹಿಡಿಸಿದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ನಾಟಿತು.

ಶಾಲೆ ಎರಡು ಓಣಿ ಆಚೆ. ರಂಜಿ ಹೊಸ ಚಸ್ಮಾ ಹಾಕಿ, ಬಲಗಣ್ಣಿಗೆ ಪಟ್ಟಿ ಹಚ್ಚಿಕೊಂಡು, ಮಬ್ಬುಗಣ್ಣೊಂದನ್ನೇ ಮುಂದೆ ಮಾಡಿ ನಡೆದಳು. ಚಾದಂಗಡಿಯವರು "ಏನ್ ಕೊಟ್ರಜ್ಜಾ, ಶಾಲಿ ಕಡೆ ಸವಾರಿ? ಇವತ್ತ ಎಷ್ಟ ತಪ್ಪು ತಗೀತಿ?" ಎಂದು ಕೂಗಿದರು. ಅವನು ಮೊಮ್ಮಗಳ ಕೈ ಬಿಗಿಹಿಡಿದು ದಾಟಿದ.

ಶೈಲಾ ಅಕ್ಕಾರು ಆಫೀಸಿನ ಕೋಣೆಯಲ್ಲಿ ಹಾಜರಿ ಪುಸ್ತಕಕ್ಕೆ ಗೆರೆ ಹಾಕುತ್ತಿದ್ದರು. ಮೂವತ್ತು ದಾಟಿರದ ಹೆಣ್ಣುಮಗಳು, ಹೊಳೆದಂಡೆಯ ಹಮ್ಮಿಗಿಯವರು. ಬಾಗಿಲಲ್ಲಿ ಅವನನ್ನು ಕಂಡದ್ದೇ ಮೇಜಿನ ಮೇಲಿದ್ದ ತಾವು ಬರೆದ ಕಾಗದಗಳನ್ನು ಪುಸ್ತಕದ ಕೆಳಗೆ ಸರಿಸಿದರು. ಕೊಟ್ರಪ್ಪ ಅದನ್ನು ನೋಡಿದ. ತನ್ನನ್ನು ಕಂಡು ಒಬ್ಬರು ಬರಹ ಮುಚ್ಚಿಡುತ್ತಾರೆ!

"ಬರ್ರಿ ಅಜ್ಜಾರ, ಕುಂಡ್ರಿ." ರಂಜಿಯ ಪಟ್ಟಿ ನೋಡಿ ಅವರ ಮುಖ ಬದಲಾಯಿತು. ಎದ್ದು ಬಂದು ಅವಳ ಗಲ್ಲ ಹಿಡಿದರು. "ನಮ್ಮ ರಂಜೀನ... ಎಷ್ಟ ಎತ್ತರ ಆಗಿಯವಾ."

"ಅಕ್ಕಾರ," ಎಂದ ಕೊಟ್ರಪ್ಪ, ಕೂರದೆ. "ಒಂದೂವರೆ ವರ್ಷದ ಹಿಂದ ನೀವು ಒಂದು ಚೀಟಿ ಬರದಿದ್ರಿ."

"ಬರದಿದ್ದೆ."

"ಅದರಾಗ ಏನಿತ್ತು ಅಂತ ಕೇಳಾಕ ಬಂದೀನಿ."

ಅಕ್ಕಾರು ಅವನನ್ನೇ ದಿಟ್ಟಿಸಿದರು, ಇದೂ ಒಂದು ಚೇಷ್ಟೆಯೋ ಏನೋ ಎಂಬಂತೆ. "ನೀವು ಓದಿದ್ರೆಲ್ರೀ. ಕೆಂಪು ಹಾಕಿ ಕಳಿಸಿದ್ರಿ."

"ತಪ್ಪು ನೋಡಿದ್ದೆ. ಓದಿರಲಿಲ್ಲ."

ಹೊರಗೆ ಮಕ್ಕಳು ಕಸ ಹೊಡೆಯುವ ಸದ್ದು ಕೇಳುತ್ತಿತ್ತು. ಅಕ್ಕಾರು ಮೇಜಿನ ಖಾನೆ ಎಳೆದು, ಕೆಳಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವನ ಮುಂದಿಟ್ಟರು. ಕೊಟ್ರಪ್ಪ ಕನ್ನಡಕ ಏರಿಸಿದ. ಕಣ್ಣು ಮೊದಲು ಕೆಂಪಿನ ಕಡೆಗೇ ಓಡಿತು. ಎಳೆದು ತಂದು ನೀಲಿ ಅಕ್ಷರಗಳ ಮೇಲೆ ನಿಲ್ಲಿಸಿದ. ಮಗು ಓದಿದಂತೆ, ಶಬ್ದಕ್ಕೊಂದು ಬೆರಳಿಟ್ಟು ಓದಿದ.

ರಂಜಿ ಬಹಳ ಜಾಣ ಹುಡುಗಿ, ಕೇಳಿದ್ದನ್ನು ಮರೆಯುವುದಿಲ್ಲ ಎಂದಿತ್ತು. ಆದರೆ ಬೋರ್ಡು ಕಾಣುವುದಿಲ್ಲ. ಕಾಣಲಿ ಎಂದು ಮುಂದೆ ಕೂಡಿಸಿ ನೋಡಿದೆ, ಆದರೂ ಕಾಣುವುದಿಲ್ಲ. ಅಜ್ಜನಿಗೆ ಹೇಳಬೇಡಿರಿ, ಅಜ್ಜ ಬೇಜಾರು ಮಾಡಿಕೊಳ್ಳುತ್ತಾನೆ ಎನ್ನುತ್ತಾಳೆ. ಆದರೂ ನನ್ನ ಕರ್ತವ್ಯವೆಂದು ಬರೆಯುತ್ತಿದ್ದೇನೆ. ಎಳೆಯ ವಯಸ್ಸು, ದಯವಿಟ್ಟು ತಡ ಮಾಡದೆ ಕಣ್ಣು ತೋರಿಸಿರಿ. ಬೇಕಾದರೆ ನಾನೂ ನಿಮ್ಮ ಜೋಡಿ ಬರುತ್ತೇನೆ.

'ನಾನೂ ನಿಮ್ಮ ಜೋಡಿ ಬರುತ್ತೇನೆ' ಎಂಬಲ್ಲಿ ಎರಡು ಕೆಂಪು ಗುರುತಿದ್ದವು.

"ಇದು ಬಂದ ಮ್ಯಾಲ," ಅಕ್ಕಾರು ಕಿಟಕಿಯ ಕಡೆ ನೋಡುತ್ತ ಹೇಳಿದರು, "ನಾ ಯಾರ ಮನಿಗೂ ಚೀಟಿ ಬರೀಲಿಲ್ರಿ. ನಮ್ಮ ಮನ್ಯಾಗ ಶಾಲಿ ಕಲತಾಕಿ ನಾನ ಮೊದಲ್ನಾಕಿ. ನನಗ ಅಂಜಿಕಿ ಬಂತು. ಶಾಲಿಗೆ ಬಂದ ಪಾಲಕರಿಗೆ ಬಾಯೀಲೆ ಹೇಳಿದೆ. ಬರಲಾರದವರಿಗೆ ಹೇಳಲೇ ಇಲ್ಲ. ನಿಮ್ಮ ಮನಿಗೂ ಬರಬೇಕಿತ್ತು ನಾ. ಓಣಿ ತನಕ ಬಂದು ತಿರುಗಿ ಹೋದೆ. ನಂದೂ ತಪ್ಪ."

ಒಂದೇ ಮಗುವಿಗೆ ಆದ ಅನ್ಯಾಯವೆಂದುಕೊಂಡು ಕೊಟ್ರಪ್ಪ ಬಂದಿದ್ದ. ಇನ್ನೆಷ್ಟು ಮಕ್ಕಳ ಚೀಟಿ ಈ ಖಾನೆಯಲ್ಲಿ ಬರೆಯದೇ ಉಳಿದವೋ. ಕೈ ಮುಗಿಯಬೇಕೆಂದು ಎತ್ತಿದ. ಎರಡೂ ಕೈ ಮೇಜಿನ ಅಂಚನ್ನೇ ಹಿಡಿದವು.

"ನಿಮ್ಮದಲ್ರಿ ಅಕ್ಕಾರ. ಹಂಗ ಅನಬ್ಯಾಡ್ರಿ. ಮತ್ತ ಬರೀರಿ. ನಿಮ್ಮ ಕೈಲೆ ಹ್ಯಾಂಗ ಬರತೈತಿ ಹಂಗ ಬರೀರಿ."

ಅಕ್ಕಾರು ಸೇರ್ಪಡೆಯ ಅರ್ಜಿ ತೆಗೆದು ಅವನ ಮುಂದೆ ಸರಿಸಿ, ತಮ್ಮ ನೀಲಿ ಪೆನ್ನು ಕೊಟ್ಟರು. ಅವನು ಹೆಸರು ಬರೆದ, ಹುಟ್ಟಿದ ದಿನ ಬರೆದ. 'ಶಾಲೆ ಬಿಟ್ಟಿದ್ದಕ್ಕೆ ಕಾರಣ' ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಆಮೇಲೆ ಬರೆದು ತಿರುಗಿಸಿಕೊಟ್ಟ.

"ಓದಿ ನೋಡ್ರಿ. ತಪ್ಪಿದ್ರ ಗುರುತು ಹಾಕ್ರಿ."

ಅವರು ಓದಿದರು. 'ಮಗುವಿಗೆ ಕಣ್ಣು ಕಾಣುವುದಿಲ್ಲವೆಂದು ಶಾಲೆಯವರು ತಿಳಿಸಿದ್ದರು. ನಾನು ಅದನ್ನು ಓದದೆ ಶಾಲೆ ಬಿಡಿಸಿದೆ. ಅಜ್ಜ, ಕೊಟ್ರಪ್ಪ.'

"ಇಷ್ಟೆಲ್ಲಾ ಯಾಕ್ರಿ ಅಜ್ಜಾರ? ಇದು ಮ್ಯಾಲಿನವರೆಗೂ ಹೊಕ್ಕೈತಿ. ಮಗುವಿಗೆ ಆರಾಮ ಇರಲಿಲ್ಲ ಅಂತ ಬರದ್ರ ನಡೀತೈತ್ರಿ."

"ಆರಾಮ ಇಲ್ಲದಾಕಿ ಆಕಿ ಅಲ್ರಿ ಅಕ್ಕಾರ. ಇರಲಿ ಬಿಡ್ರಿ, ಹಂಗ ಹೋಗಲಿ."

ಅಕ್ಕಾರು ಅರ್ಜಿಗೆ ಶಿಕ್ಕೆ ಒತ್ತಲು ಎದ್ದರು. ಇಷ್ಟು ಹೊತ್ತು ಮೇಜಿನ ಬದಿಗೆ ಸುಮ್ಮನೆ ನಿಂತಿದ್ದ ರಂಜಿಯ ಕೈಗೆ ಆ ಹ‌ಳೆಯ ಚೀಟಿ ಸಿಕ್ಕಿತು. ಪಟ್ಟಿಯಿಲ್ಲದ ಕಣ್ಣಿಗೆ ಹಿಡಿದಳು, ಆಗಲಿಲ್ಲ. ರೂಢಿಯಂತೆ ತಿರುವಿ ಹಿಡಿದು ಬೆರಳಾಡಿಸಿದಳು. ಅಕ್ಕಾರ ಬರಹ ಹಗುರ, ಹಿಂದೆ ಎಲ್ಲೂ ಎದ್ದಿರಲಿಲ್ಲ. ಬೆರಳು ಅದರ ಮೇಲೆ ಜಾರಿಕೊಂಡು ಹೋಗಿ, ಅಜ್ಜ ಒತ್ತಿ ಒತ್ತಿ ಹಾಕಿದ್ದ ಗುರುತು ಬಂದಲ್ಲೆಲ್ಲ ನಿಂತಿತು. ನಿಂತು, ಸವರಿ, ಮುಂದೆ ಹೋಯಿತು. ಬೇಡವೆಂದರೂ ಕೊಟ್ರಪ್ಪ ಎಣಿಸಿದ. ಹನ್ನೊಂದನೆಯದು ಕಾಗದದ ತುದಿಯಲ್ಲಿತ್ತು. ಅಲ್ಲಿ ಕೆಂಪು ಪೆನ್ನಿನ ಮೊನೆ ಕಾಗದವನ್ನು ಹರಿದೇ ಹಾಕಿತ್ತು. ಆ ತೂತಿನಿಂದ ಅವಳ ಬೆರಳ ತುದಿ ಅವನ ಕಡೆಗೆ ಹೊರಬಂತು.